ಚಿಮ್ಮದ ಕೆಂಪು ನೀರು

ಆ ಬೆಳಗ್ಗೆ ವೆಸ್ಟ್ ವರ್ಜೀನಿಯಾದ ಬೆಟ್ಟದಲ್ಲಿ ಗಾಳಿಯ ಸುಳಿವಿರಲಿಲ್ಲ, ಚಳಿ ಮಾತ್ರ ಹಲ್ಲು ಕಟಕಟಿಸುವಂತಿತ್ತು. ಆಯ್ಡಾ ಹೊಡೆದ ಗುಂಡಿಗೆ ಹಲಗೆಯ ಮೇಲಿನ ಹಾಲಿನ ಕ್ಯಾನು ಅಲುಗಲೇ ಇಲ್ಲ. ಅದರ ತುಂಬ ಬೀಟ್‌ರೂಟ್ ಬೇಯಿಸಿದ ನೀರಿತ್ತು. ತಗುಲಿದ್ದರೆ ಕೆಂಪಗೆ ಚಿಮ್ಮಬೇಕಿತ್ತು. ಮೈದುನ ವರ್ಲಿನ್ ಹೊಡೆದ ಕ್ಯಾನು ಆಗಲೇ ಹಾಗೆ ಚಿಮ್ಮಿ ಹುಲ್ಲೆಲ್ಲ ಕೆಂಪಾಗಿತ್ತು.

“ಅತ್ತಿಗೆ, ನಿಮ್ಮ ಗುಂಡು ಓಹಾಯೋ ನದಿ ದಾಟಿತೇನೋ!” ಎಂದು ಅವನು ನಕ್ಕ. ತೀರಿಹೋದ ಅಣ್ಣನ ರೈಫಲ್ ಯಾರಿಗೆಂಬ ಜಗಳ ಇಂದೇ ಮುಗಿಯಬೇಕಿತ್ತು: ಆಯ್ಡಾಳ ಗುಂಡು ತಗುಲಿದರೆ ಅವಳಿಗೆ, ತಪ್ಪಿದರೆ ಅವನಿಗೆ.

“ಗುರಿ ಸರಿಯಾಗೇ ಇತ್ತಲ್ಲೋ. ನಿನ್ನೆ ಸಂಜೆನೇ ತುಂಬಿಸಿ ಇಟ್ಟ ಕ್ಯಾನು, ಎಲ್ಲೂ ಸರಿದಿಲ್ಲ. ನಂಗೊಂದೂ ತಿಳೀತಿಲ್ಲ. ಹೋಗ್ಲಿ, ದೇವರ ಚಿತ್ತ,” ಎಂದು ಆಯ್ಡಾ ರೈಫಲ್ ಅವನ ಕೈಗಿತ್ತಳು.

ವರ್ಲಿನ್ ಅದನ್ನು ಹೆಗಲಿಗೇರಿಸಿ ಕ್ಯಾನು ತರಲು ಹೋದ. ಎತ್ತಿದರೆ ಅದು ಹಲಗೆ ಬಿಟ್ಟು ಬರಲಿಲ್ಲ. ಅವನು ತನ್ನದಕ್ಕೆ ಬೆಳಗ್ಗೆ ಒಲೆಯಿಂದಿಳಿಸಿದ ಬಿಸಿ ಕೆಂಪುನೀರು ತುಂಬಿದ್ದ. ಆಯ್ಡಾಳದು ರಾತ್ರಿಯೆಲ್ಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಕ್ಯಾನಿನ ತಗಡಿನ ನಟ್ಟನಡುವೆ ಗುಂಡಿನ ಒಂದು ಸಣ್ಣ ತೂತು, ಅದರೊಳಗೆ ಕೆಂಪು ಮಂಜುಗಡ್ಡೆ. ವರ್ಲಿನ್ ಅದರ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ಹಿಂದಿರುಗಿ, ಟೋಪಿ ತೆಗೆದು, ರೈಫಲನ್ನು ಅತ್ತಿಗೆಯ ಕೈಗಿತ್ತ.