ಗಲಾಟೆಗೆ ಬಂದವರ ಪಾಲು

ಬೆಳಿಗ್ಗೆ ಚೀಟಿ ಬಂತು, ಮಧ್ಯಾಹ್ನ ಅದನ್ನು ಬರೆಸಿದ ರಂಗಸ್ವಾಮಿಯೇ ಬಂದ. ಹಿರೀಸಾವೆಯ ರಸ್ತೆ ಬದಿಯಲ್ಲಿ ಸಿಮೆಂಟು, ಕಬ್ಬಿಣ, ಕಿಟಕಿ ಗಾಜು, ಹಿಂಡಿ, ಬೂಸಾ ಮಾರುವ ಪದ್ಮರಾಜಯ್ಯ ಎರಡನ್ನೂ ಒಂದೇ ಮುಖದಲ್ಲಿ ಬರಮಾಡಿಕೊಂಡರು. ಚೀಟಿಯಲ್ಲಿದ್ದದ್ದು ಇಷ್ಟೆ: ಊರಿನ ಹಾಲಿನ ಡೈರಿಯನ್ನು ಮತ್ತೆ ಕಟ್ಟಲು ಸಾಮಾನು ಕೊಡುವ ಕೆಲಸ, ಗಲಾಟೆಯ ದಿನ ನಮ್ಮ ಜೊತೆ ನಿಂತು ಹೊಡೆದಾಡಿದವರಿಗೆ ಮಾತ್ರ.

ಆ ಗಲಾಟೆಯಾಗಿ ಇನ್ನೂ ಹದಿನೈದು ದಿನ ತುಂಬಿರಲಿಲ್ಲ. ಎಂಥ ಗಟ್ಟಿ ಹಾಲು ತಂದರೂ ನೀರು ಹಾಲಿನ ರೇಟು ಬರೆಯುತ್ತ, ಹನ್ನೆರಡು ವರ್ಷದಿಂದ ಡೈರಿ ಅಧ್ಯಕ್ಷನ ಕುರ್ಚಿಗೆ ಅಂಟಿಕೊಂಡಿದ್ದ ಶಿವರಾಜುವನ್ನು ಇಳಿಸಬೇಕೆಂದು ರಂಗಸ್ವಾಮಿಯೂ ಪದ್ಮರಾಜಯ್ಯನೂ ಕೂಡಿಯೇ ಮಾತಾಡಿಕೊಂಡಿದ್ದರು. ನಲವತ್ತು ವರ್ಷದ ಸ್ನೇಹ ಅವರದು. ಆದರೆ ರಂಗಸ್ವಾಮಿಯ ಕಡೆಯವರು ದೊಣ್ಣೆ ಎತ್ತಿದ ದಿನ ಪದ್ಮರಾಜಯ್ಯ, ಓಟು ಬೇಕಾದರೆ ಎರಡು ಸಲ ಹಾಕುತ್ತೇನೆ, ಕೋಲು ಮಾತ್ರ ಹಿಡಿಯುವವನಲ್ಲ ಎಂದು ಅಂಗಡಿಯಲ್ಲೇ ಕೂತುಬಿಟ್ಟರು. ಅರ್ಧ ಗಂಟೆಯೊಳಗೆ ಶಿವರಾಜು ಮಾವನ ಊರಾದ ಮಲ್ಲಿಪಟ್ಟಣದ ದಾರಿ ಹಿಡಿದ. ಡೈರಿಯ ಶೀಟು, ಹಾಲು ನೋಡುವ ಮಿಷನ್ನು, ಮುಂದಿನ ಗೋಡೆ ಎಲ್ಲ ಅವನಿಗಿಂತ ಮೊದಲೇ ಹೋಗಿದ್ದವು. ಗೆದ್ದು ಅಧ್ಯಕ್ಷನಾದ ರಂಗಸ್ವಾಮಿಯ ಕೈಗೆ ಸಿಕ್ಕಿದ್ದು ಒಂದು ಕುರ್ಚಿ, ಅದಕ್ಕೂ ಮೂರೇ ಕಾಲು.

ರಂಗಸ್ವಾಮಿ ಮಜ್ಜಿಗೆ ಕುಡಿದ, ಬಿಸಿಲನ್ನು ಬೈದ, ಹೈವೇಯಲ್ಲಿ ಬಸ್ಸು ನಿಲ್ಲಿಸದ ಡ್ರೈವರುಗಳನ್ನು ಬೈದ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಹಿಂಡಿ ಬೂಸಾ ಬಾಬ್ತು ಡೈರಿಯಿಂದ ಈ ಅಂಗಡಿಗೆ ಒಂದು ಲಕ್ಷ ಎಂಬತ್ತು ಸಾವಿರ ಬರಬೇಕಿತ್ತು. ಅದನ್ನು ಪೂರ್ತಿ ಬಿಟ್ಟುಬಿಟ್ಟರೆ ಡೈರಿ ಮತ್ತೆ ಎದ್ದು ನಿಲ್ಲುತ್ತದೆ ಅಂದ.

"ಅದು ಶಿವರಾಜು ಮಾಡಿದ್ ಸಾಲ ಕಣಯ್ಯಾರೆ. ಅವ್ನೇ ಓಡೋದ್ಮೇಲೆ ನಾವ್ಯಾಕೆ ತೀರಿಸ್ಬೇಕು?"

"ಸೈನು ಶಿವರಾಜುದೇ. ಹಿಂಡಿ ತಿಂದಿದ್ದು ಯಾರ ಹಸು, ಅದನ್ನ ಹೇಳಪ್ಪ."

ರಂಗಸ್ವಾಮಿಯ ಕೊಟ್ಟಿಗೆಯಲ್ಲಿ ಆರು ಸೀಮೆ ಹಸುಗಳಿದ್ದವು. ಅವನು ಖಾಲಿ ಲೋಟದ ತಳ ನೋಡಿದ. ಅಂಗಡಿಯ ಹಿಂದೆಯೇ ಮನೆ, ಒಳಗಿನಿಂದ ಪದ್ಮರಾಜಯ್ಯನ ಹೆಂಡತಿ ಚಕ್ರೇಶ್ವರಿ, ಯಾರಿಗೂ ಹೇಳದಂತೆ ಎಲ್ಲರಿಗೂ ಕೇಳುವಂತೆ ಅಂದರು: "ಸಾಲ ಬಿಡ್ಸಕ್ಕೆ ನಾವು ಒಳಗಿನೋರು, ಸಿಮೆಂಟ್ ತಗೊಳಕ್ಕೆ ಹೊರಗಿನೋರು."

ರಂಗಸ್ವಾಮಿ ತನ್ನ ಸಂಕಟ ಬಿಡಿಸಿ ಹೇಳಿದ. ಸಿಮೆಂಟಿನ ಮಾತು ಆಗಲೇ ರಾಮಣ್ಣನ ಭಾವಮೈದನಿಗೆ ಹೋಗಿತ್ತು; ರಾಮಣ್ಣನ ತಲೆಗೆ ಅವತ್ತು ಆರು ಹೊಲಿಗೆ ಬಿದ್ದಿದ್ದವು. ಅಭಿಷೇಕ್‌ನ ಟ್ರಾಕ್ಟರಿನ ಎರಡೂ ಲೈಟು ಹೋಗಿದ್ದವು, ಮರಳು ಅವನದು. "ಎಲ್ರೂ ಅವರವರ ಪಾಲು ಕೊಟ್ಟವ್ರೆ. ನೀವು ಏನೂ ಕೊಡ್ನಿಲ್ಲ ಅಂತ ಹೈಕ್ಳು ಆಡ್ಕತಾವೆ. ಸಾಲ ಬುಟ್ರೆ ಅದೇ ನಿಮ್ ಪಾಲು ಅಂತ ಏಳ್ಬುಡ್ತೀನಿ."

ಪದ್ಮರಾಜಯ್ಯನಿಗೆ ದುಡ್ಡಿನ ಮಾತಿಗಿಂತ, ಏನೂ ಕೊಡಲಿಲ್ಲ ಅನ್ನುವ ಮಾತು ನಾಟಿತು. ಲೋಟ ಎತ್ತಿಟ್ಟರು. ಮುಂದಿನ ತಿಂಗಳು ರಂಗಸ್ವಾಮಿಯ ಮಗಳು ರೂಪಶ್ರೀಯ ಮದುವೆಯಿತ್ತು. "ಮದುವೆಗೂ ಗಲಾಟೆಗೆ ಬಂದವರನ್ನೇ ಕರಿ. ನನ್ನನ್ನ ಲೆಕ್ಕಕ್ಕೆ ಹಿಡೀಬೇಡ," ಅಂದರು, ಜೋರಾಗಿ ಅಲ್ಲ.

ಇಷ್ಟು ಹೊತ್ತೂ ಧೈರ್ಯ ತಂದುಕೊಂಡಿದ್ದ ರಂಗಸ್ವಾಮಿ ಈಗ ನಿಜವಾಗಿ ಹೆದರಿದ. ಪದ್ಮರಾಜಯ್ಯ ನಿಂತು ನಡೆಸದ ಮದುವೆ ಅವನ ವಂಶದಲ್ಲೇ ಆಗಿರಲಿಲ್ಲ. ತಲೆ ಕೆರೆದುಕೊಂಡ; ಕೆರೆದ ಜಾಗದಿಂದ ಒಂದು ದಾರಿ ಉದುರಿತು. "ಒಂದ್ ಕೆಲ್ಸ ಮಾಡವ. ಡೈರಿ ಇಂದುಗಡೆ ಕಿಟಕೀಲಿ ಒಂದೇ ಒಂದು ಗಾಜು ಉಳ್ಕಂಡದೆ. ಹೈಕ್ಳ ಮುಂದೆ ನೀವೂ ಒಂದು ಕಲ್ಲು ಒಗುದ್ಬುಡಿ. ಒಡುದ್ರೆ ನೀವೂ ಬಂದೋರೇ. ಅರ್ಧ ಸಿಮೆಂಟು ನಿಮ್ಮ ಅಂಗಡಿದೇ. ಯಾವನು ಮಾತಾಡ್ತಾನೆ ನೋಡ್ತೀನಿ."

ಚಕ್ರೇಶ್ವರಿ ಬಾಗಿಲಿಗೆ ಬಂದು ಗಂಡನ ಮುಖ ನೋಡಿದರು. ಪದ್ಮರಾಜಯ್ಯ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಡೈರಿಯ ಹಿಂದೆ ಹತ್ತು ಹನ್ನೆರಡು ಜನ ಸೇರಿದರು. ರಾಮಣ್ಣ ಬ್ಯಾಂಡೇಜು ಬಿಚ್ಚದ ತಲೆಯಲ್ಲೇ ಬಂದ. ಪದ್ಮರಾಜಯ್ಯ ಮೊದಲು ಕಿಟಕಿಯ ಹತ್ತಿರ ಹೋಗಿ ಒಳಗೆ, ಹೊರಗೆ, ಸಂದಿಯಲ್ಲಿ ಬಗ್ಗಿ ನೋಡಿದರು. ಮೂಲೆಯಲ್ಲಿ ಒಂದು ಹಲ್ಲಿ ಇತ್ತು. ಅದನ್ನು ಟವೆಲ್ಲಿನ ತುದಿಯಿಂದ ಮೆತ್ತಗೆ ಎಬ್ಬಿಸಿ, ಅದು ಗೋಡೆ ಹತ್ತಿ ಕಾಣದಾಗುವ ತನಕ ಕಾದರು. ಗಲಾಟೆಗೆ ಬಂದವರೂ ಕಾದರು. ಮೊದಲ ಕಲ್ಲು ಗೋಡೆಗೆ ಬಿತ್ತು. ಎರಡನೆಯದು ರಾಮಣ್ಣನ ಪಕ್ಕದಲ್ಲಿ ಹಾದುಹೋಯಿತು; ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಮೂರನೆಯದಕ್ಕೆ ಗಾಜು ಝಲ್ಲೆಂದು ಉದುರಿತು.

ರಂಗಸ್ವಾಮಿ ಬಂದು ಹೆಗಲ ಮೇಲೆ ಕೈ ಹಾಕಿದ. "ಕಂಡ್ರೇನ್ರಲಾ? ಇನ್ಮೇಕೆ ಇವ್ರೂ ನಮ್ಮೋರೇ," ಎಂದು ಎಲ್ಲರಿಗೂ ಸಾರಿದ. ಆಮೇಲೆ ದನಿ ತಗ್ಗಿಸಿ, ಹಾಗಾದರೆ ಆ ಸಾಲದ ವಿಚಾರ ಎಂದು ತೆಗೆದ.

"ಏನೂ ಕೊಡದವರು ತಾನೆ ಸಾಲ ಬಿಡಬೇಕಾದ್ದು? ನನ್ನ ಪಾಲು ಈಗ ಕೊಟ್ಟೆನಲ್ಲಪ್ಪ, ಹತ್ತು ಜನ ನೋಡಿದ್ದಾರೆ," ಅಂದರು ಪದ್ಮರಾಜಯ್ಯ. ನಿಧಾನಕ್ಕೆ ಹೆಗಲಿನ ಕೈ ಇಳಿಸಿ, ಚೂರುಗಳನ್ನು ದಾಟಿಕೊಂಡು ಹೋಗಿ, ಖಾಲಿ ಚೌಕಟ್ಟಿನ ಮೇಲೆ ಗೇಣು ಹಾಕತೊಡಗಿದರು.

"ಎರಡು ಗೇಣು, ನಾಲ್ಕು ಬೆರಳು. ಈ ಗಾಜನ್ನ ಹಳೇ ಬಾಕಿ ಕೆಳಗೇ ಬರೀಲಾ ರಂಗಸ್ವಾಮಿ, ಬೇರೆ ಬರೀಲಾ?"