ದೊಡ್ಡಮ್ಮ ಮನೆ ನೋಡಲು ಬಂದದ್ದು

ಮೆಟ್ಟಿಲ ಮೇಲೆ ದೊಡ್ಡಮ್ಮನ ಚಪ್ಪಲಿ ಸದ್ದು ಕೇಳಿದ್ದೂ, ಅಡುಗೆಮನೆಯ ಗೋಡೆಯಿಂದ ಪಾತ್ರೆಯ ಹಲಗೆ ಕಿತ್ತುಕೊಂಡು ಬಂದದ್ದೂ ಒಟ್ಟಿಗೇ ಆಯಿತು. ಹುಡುಗಿ ಓಡಿಹೋಗಿ ಎರಡೂ ಕೈ ಮೇಲೆತ್ತಿ ಹಲಗೆಯನ್ನು ಹಿಡಿದುಕೊಂಡಳು. ಅದರ ಮೇಲೆ ಮನೆಯಲ್ಲಿದ್ದ ಅಷ್ಟೂ ಪಾತ್ರೆ. ಬೇಗ ಬಾ ಎಂದು ಪಿಸುದನಿಯಲ್ಲಿ ಗಂಡನನ್ನು ಕರೆದಳು. ಅವನು ಬರುವ ಹಾಗಿರಲಿಲ್ಲ. ಹೊರಕೋಣೆಯ ಗೋಡೆಕಪಾಟಿನ ಬಾಗಿಲು ಬೆಳಿಗ್ಗೆಯೇ ಕೀಲು ಸಮೇತ ಕೈಗೆ ಬಂದಿತ್ತು. ಅದನ್ನು ಬೆನ್ನಿನಿಂದ ಒತ್ತಿ ನಿಂತಿದ್ದ. ಬೆನ್ನು ತೆಗೆದರೆ ವಾರವೆಲ್ಲ ಅದರೊಳಗೆ ತುರುಕಿದ್ದ ಉದುರಿದ ಗಾರೆ, ಬಣ್ಣದ ಡಬ್ಬ, ಕಾಲು ಮುರಿದ ಸ್ಟೂಲು ಎಲ್ಲವೂ ಮೆರವಣಿಗೆ ಹೊರಡುತ್ತಿದ್ದವು.

ಇಬ್ಬರೂ ಇನ್ನೂ ಓದುತ್ತಿದ್ದವರು. ಅವನದು ಕಾನೂನು, ಅವಳದು ಲೆಕ್ಕಶಾಸ್ತ್ರ. ಓದು ಮುಗಿಯುವ ಮೊದಲೇ ಮದುವೆಯಾದರು ಎಂದು ಎರಡೂ ಮನೆಯವರು ಮುಖ ತಿರುಗಿಸಿದ್ದರು. ಬರುತ್ತೇನೆ ಎಂದವಳು ಅವನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮ ಒಬ್ಬಳೇ. ಆದರೆ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು: ಮನೆ ಮನುಷ್ಯರು ಇರುವ ಹಾಗಿದ್ದರೆ ಸರಿ, ಇಲ್ಲದಿದ್ದರೆ ಓದು ಮುಗಿಯುವವರೆಗೆ ಹುಡುಗಿ ನನ್ನ ಜೊತೆ ಇರಲಿ, ನೀನು ಹಾಸ್ಟೆಲ್ಲಿಗೆ ಹೋಗು. ಅಂದಿನಿಂದ ಇಬ್ಬರೂ ಪುಸ್ತಕ ಮುಚ್ಚಿಟ್ಟು ಮನೆಯ ಹಿಂದೆ ಬಿದ್ದಿದ್ದರು. ಮಸಿ ಹಿಡಿದ ಗೋಡೆ ಉಜ್ಜಿ ಸುಣ್ಣ ಬಳಿದರು. ಹಳೇ ಹೊದಿಕೆ ಕತ್ತರಿಸಿ ಪರದೆ ಹೊಲಿದರು. ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ ಬಣ್ಣದ ಕಾಗದ ಬಿಸಿಲು ಬಂದಾಗ ನೆಲದ ಮೇಲೆ ಕೆಂಪು, ಹಳದಿ ಚೆಲ್ಲಿದ್ದು ನೋಡಿ, ಬೇಕೆಂದೇ ಮಾಡಿದ ಹಾಗಿದೆ ಎಂದು ಹಿಗ್ಗಿದ್ದರು.

ದೊಡ್ಡಮ್ಮ ಏದುಸಿರು ಬಿಡುತ್ತಾ ತೆರೆದ ಬಾಗಿಲಲ್ಲಿ ನಿಂತಳು. ಎರಡೂ ಕೈಯಲ್ಲಿ ಭಾರದ ಚೀಲ. ಹುಡುಗ ನಿಂತಲ್ಲಿಂದಲೇ ಹಲ್ಲು ಬಿಟ್ಟು, ಬಾ ದೊಡ್ಡಮ್ಮ, ಕೂತ್ಕೋ ಎಂದ. ಚೀಲ ಇಸಿದುಕೊಳ್ಳಲು ಒಂದು ಹೆಜ್ಜೆ ಮುಂದೆ ಬರಲಿಲ್ಲ. ಒಳಗಿನಿಂದ ಹುಡುಗಿ, ಬಂದೆ, ಒಂದೇ ನಿಮಿಷ ಎಂದವಳು ಬರಲೇ ಇಲ್ಲ.

"ಏನಪ್ಪಾ ಲಾಯರ್ ಸಾಹೇಬ್ರೇ, ಹೆಂಡ್ತಿ ನಿನ್ನ ಗೋಡೆಗೆ ಅಂಟು ಹಾಕಿ ನಿಲ್ಸಿದ್ದಾಳಾ?"

ಬೆನ್ನು ನೋವು, ಹೀಗೆ ಒರಗಿದರೆ ಹಾಯಾಗುತ್ತದೆ ಎಂದ. ದೊಡ್ಡಮ್ಮ ನಕ್ಕು ತಾನೇ ಚೀಲ ಇಳಿಸಿ ಕುರ್ಚಿಯಲ್ಲಿ ಕೂತಳು. ಬಟ್ಟೆ ಕಾರ್ಖಾನೆಯಲ್ಲಿ ತಪ್ಪು ಹೊಲಿಗೆ ಹುಡುಕುವುದೇ ಅವಳ ಕೆಲಸ. ಕೈ ತಾನಾಗಿಯೇ ಹೋಗಿ ಪರದೆಯ ಅಂಚನ್ನು ಮಗುಚಿತು. ಹುಡುಗ ಉಸಿರು ಹಿಡಿದ. ಅವಳು ಅಂಚನ್ನು ಬಿಟ್ಟು, ಕುಡಿಯಲು ನೀರು ಕೇಳಿದಳು. ಅಡುಗೆಮನೆಯಿಂದ ಹುಡುಗಿಯ ಸಣ್ಣ ದನಿ ಬಂತು: ಅಲ್ಲೇ ಮೇಜಿನ ಮೇಲೆ ಜಗ್ಗಿನಲ್ಲಿದೆ, ಬಗ್ಗಿಸಿಕೊಳ್ಳಿ ದೊಡ್ಡಮ್ಮ.

ದೊಡ್ಡಮ್ಮ ಬಗ್ಗಿಸಿಕೊಂಡು ಕುಡಿದಳು. ಲೋಟ ಕೆಳಗಿಡುವಷ್ಟರಲ್ಲಿ ಮುಖದ ನಗು ಆರಿಹೋಗಿತ್ತು. ಒಂದು ಚೀಲ ಎತ್ತಿಕೊಂಡಳು, ಆಮೇಲೆ ಇನ್ನೊಂದು.

"ನಾನು ಬಂದದ್ದು ನಿಮಗೆ ಬೇಕಾಗಿರ್ಲಿಲ್ಲ ಅಂತ ಕಾಣುತ್ತೆ. ಮೊದಲೇ ಹೇಳಿದ್ರೆ ನಾನ್ಯಾಕೋ ಬರ್ತಿದ್ದೆ?"

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಬೆನ್ನು ತೆಗೆದರೆ ಹೆಂಡತಿ ಇವಳ ಜೊತೆ ಹೊರಡಬೇಕು. ತೆಗೆಯದಿದ್ದರೆ ದೊಡ್ಡಮ್ಮ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಅವನು ಹಾರಿಹೋಗಿ ಚೀಲಗಳನ್ನು ಹಿಡಿದುಕೊಂಡ. ಹಿಂದೆ ಕಪಾಟಿನ ಬಾಗಿಲು ದಡಾರನೆ ಬಿತ್ತು. ಗಾರೆಯ ಧೂಳು ಮೋಡದಂತೆ ಎದ್ದಿತು. ಬಣ್ಣದ ಡಬ್ಬ ಉರುಳಿಕೊಂಡು ದೊಡ್ಡಮ್ಮನ ಕಾಲ ಹತ್ತಿರ ಬಂದು ನಿಂತಿತು.

"ನಾನು ಬಾಗಿಲು ಹಿಡ್ಕೊಂಡಿದ್ದೆ ದೊಡ್ಡಮ್ಮ," ಅವನು ತೊದಲಿದ. "ಒಳಗೆ ಅವಳು ಹಲಗೆ ಹಿಡ್ಕೊಂಡಿದ್ದಾಳೆ. ಇದೆಲ್ಲ ನೋಡಿದ್ರೆ ಅವಳನ್ನ ಕರ್ಕೊಂಡು ಹೋಗಿಬಿಡ್ತೀಯ ಅಂತ..."

ದೊಡ್ಡಮ್ಮ ಆ ರಾಶಿಯನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಮಗನನ್ನು ನೋಡಿದಳು. ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದು ಅವನ ಜೀವ ಬಾಯಿಗೆ ಬಂತು. ಅವಳು ನಗುತ್ತಿದ್ದಳು, ಕಣ್ಣಲ್ಲಿ ಮಾತ್ರ ನೀರಿತ್ತು.

"ಸದ್ಯ, ಬರೀ ಬಾಗಿಲು ಕಣೋ," ಎಂದಳು. "ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ."

ಅಡುಗೆಮನೆಯಲ್ಲಿ ಹುಡುಗಿ ಕೈ ಮೇಲೆತ್ತಿಕೊಂಡು ನಿಂತೇ ಇದ್ದಳು. ಅಷ್ಟು ದೊಡ್ಡ ಸದ್ದಾದರೂ ಹಲಗೆ ಬಿಟ್ಟಿರಲಿಲ್ಲ. ತೋಳು ನಡುಗುತ್ತಿತ್ತು. ಹಣೆಯ ಬೆವರು ಕಣ್ಣಿಗಿಳಿದು ಕಣ್ಣೀರಿನ ಜೊತೆ ಸೇರಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ದೊಡ್ಡಮ್ಮ ಒಳಗೆ ಬಂದು ತನ್ನ ಅಂಗೈಯಿಂದ ಆ ಮುಖವನ್ನು ಒರೆಸಿದಳು. ಆಮೇಲೆ ತುದಿಗಾಲ ಮೇಲೆ ನಿಂತು, ಹಲಗೆಯ ಕೆಳಗೆ ತನ್ನ ಎರಡೂ ಕೈ ಕೊಟ್ಟು, ನೀನು ಇಳಿಸಮ್ಮ ಕೈಯ್ಯ ಎಂದಳು. ಮರಗಟ್ಟಿದ ತೋಳುಗಳು ಇಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಯಾರೋ ಬಂದು ತನ್ನ ಭಾರವನ್ನು ಹೀಗೆ ಕೇಳದೆಯೇ ಹೊತ್ತುಕೊಂಡು ಎಷ್ಟು ಕಾಲವಾಗಿತ್ತೋ. ಗಂಡ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, ನನ್ನ ಬಟ್ಟೆ ಕಟ್ಟಿಕೊಳ್ಳಲಾ ದೊಡ್ಡಮ್ಮ?

ದೊಡ್ಡಮ್ಮ ಕೈ ಮೇಲೆತ್ತಿಕೊಂಡೇ ಕತ್ತು ತಿರುಗಿಸಿ ಅವಳನ್ನು ನೋಡಿದಳು.

"ನಿನ್ನ ಕರ್ಕೊಂಡು ಹೋದ್ರೆ, ಈ ಮನೇನ ಹಿಡ್ಕೊಳ್ಳೋರು ಯಾರೇ?"