ಚಿಗವ್ವ ಕೇಳಿದ ನೀರು

ಬಲ್ಗೇರಿಯಾದವಳಾದ ನನ್ನ ತಮ್ಮನ ಹೆಂಡತಿ ಮೊದಲ ಸಲ ಸಿಂಧನೂರಿಗೆ ಬರುವವಳಿದ್ದಾಳೆಂದು ಮೊಬೈಲಿನಲ್ಲಿ ಅವಳ ಭಾಷೆ ಕಲಿಯುತ್ತಿದ್ದೇನೆ. ‘ವೊದಾ’ ಎಂದರೆ ನೀರು ಎಂಬಲ್ಲಿಗೆ ಬಂದ ನಾನು ಇನ್ನೂ ಮುಂದಿನ ಪಾಠ ತೆರೆದಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ದಿನಗಳು. ಮಸ್ಕಿಯ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಕಾಕಾನನ್ನು ಮದುವೆಯಾಗಿ ಆಂಧ್ರದಿಂದ ಹೊಸದಾಗಿ ಬಂದಿದ್ದ ಚಿಗವ್ವ ಅನ್ನ ಉಂಡು ಬೆಳೆದವಳು. ಕಡಕ್ ರೊಟ್ಟಿ ಅವಳ ಗಂಟಲಿಗೆ ಸಿಕ್ಕಿಕೊಂಡಿತು.

“ಕೊಂಚೆಂ ನೀಳ್ಳು ಇವ್ವಮ್ಮಾ,” ಎಂದು ನನ್ನತ್ತ ಕೈ ಚಾಚಿದಳು.

ನೀರೆಂದು ನನಗೆ ತಿಳಿಯಿತು. ಆದರೂ, ಇಂಗ್ಲಿಷಿನಲ್ಲಿ ಕೇಳದಿದ್ದರೆ ನೀರಿಗೆ ಬಿಡದ ನಮ್ಮ ಕಾನ್ವೆಂಟಿನ ಟೀಚರಂತೆ, ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದೆ.

“ಕನ್ನಡದಾಗ ಕೇಳ್ರೀ ಚಿಗವ್ವ, ಆಮ್ಯಾಲೆ ಕೊಡ್ತೀನಿ.”

“ದೊಡ್ಡ ಸಾಲಿ ಅಕ್ಕೋರು ಆಗ್ಯಾಳ ನೋಡ್ರಿ ಇಕಿ!” ಎಂದು ಅಜ್ಜಿ ನಕ್ಕಳು. “ಬಿಡಬ್ಯಾಡಬೇ, ಕಲೀಲಿ.”

ಎಲ್ಲರೂ ನಕ್ಕರು. ಚಿಗವ್ವ ಕೈ ಹಿಂದೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೂ ನಕ್ಕಳು.

ಸ್ವಲ್ಪ ಹೊತ್ತಿಗೆ ಕೆಂಪು ಖಾರ ನನ್ನ ನೆತ್ತಿಗೇರಿತು. ಮಾತೇ ಹೊರಡಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬಂದವಳು ಚಿಗವ್ವ. ನನ್ನ ಬೆನ್ನ ಹಿಂದಿನ ತಂಬಿಗೆಯನ್ನೇ ಎತ್ತಿ ನನ್ನ ತುಟಿಗೆ ಹಿಡಿದು, ನೆತ್ತಿ ತಟ್ಟಿದಳು. ನಾನು ಸಾಕೆಂದ ಮೇಲೆ ಗೋಡೆಯ ಕಡೆ ತಿರುಗಿ, ತಳದಲ್ಲಿ ಉಳಿದಷ್ಟು ನೀರನ್ನು ತಾನು ಕುಡಿದಳು.